ಕಾರ್ಟೂನ್ ನೋಡಿ ಮಕ್ಕಳು ನಕ್ಕಿದ್ದು ಯಾಕೆ: ಎಂಟು, ಒಂಬತ್ತನೇ ತರಗತಿಯ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ.

ಹೋದ ಶನಿವಾರ ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳಿಗೆ ಶಾಲೆಯಲ್ಲಿ, ಮನೆಮಂದಿಯ ಫೋನ್, ಟಿವಿ ಚಟವನ್ನು ತಮಾಷೆ ಮಾಡುವ ಒಂದು ಕಾರ್ಟೂನ್ ತೋರಿಸಿದೆವು. ಅದು ನಿಮಗೆಲ್ಲ ಈಗಾಗಲೇ ಗೊತ್ತಿದೆ. ಅದರ ಬಗ್ಗೆ ಸಾಕಷ್ಟು ಮಾತೂ ಆಗಿದೆ. ಕೆಲವರು 'ಒಳ್ಳೇ ಕೆಲಸ ಮಾಡಿದ್ರಿ' ಎಂದರು. ಕೆಲವರು ಗೇಟಿನ ಹತ್ತಿರ ನಿಂತು ಬೇಸರ ಹೇಳಿಕೊಂಡರು. ಒಬ್ಬ ತಂದೆ ಮುಖಕ್ಕೇ ಕೇಳಿದರು: 'ಮಕ್ಕಳಿಗೆ ಬುದ್ಧಿ ಹೇಳಿ ಅಂತ ಶಾಲೆಗೆ ಕಳಿಸಿದ್ರೆ, ನಮ್ಮನ್ನೇ ಆಡಿಕೊಳ್ಳೋದು ಕಲಿಸಿದ್ದೀರಲ್ಲ ಮೇಷ್ಟ್ರೇ?' ಹಿಂದೆ ಆಡಿಕೊಳ್ಳದೆ ಎದುರಿಗೇ ಕೇಳಿದ್ದಕ್ಕೆ ಅವರಿಗೆ ಥ್ಯಾಂಕ್ಸ್. ಅವರ ಮನಸ್ಸಿನಲ್ಲಿದ್ದದ್ದು ಇನ್ನೂ ಹಲವರ ಮನಸ್ಸಿನಲ್ಲಿ ಇರಬಹುದು ಅಂತಲೇ ಈ ಪತ್ರ.

ಕಾರ್ಟೂನ್ ನೋಡದವರಿಗಾಗಿ ಎರಡು ಮಾತು. ಅದು ಅಮೆರಿಕದ 'ದಿ ಸಿಂಪ್ಸನ್ಸ್'. 1989ರಿಂದ ಬರುತ್ತಿದೆ. ಹಳದಿ ಮೈಬಣ್ಣದ ಒಂದು ಮಧ್ಯಮ ವರ್ಗದ ಕುಟುಂಬದ ಕತೆ. ಅಪ್ಪ ಹೋಮರ್ ಸೋಮಾರಿ, ಮಗ ಬಾರ್ಟ್ ತರಲೆ, ಮಗಳು ಲೀಸಾ ಓದಿನ ಹುಳ, ಸಣ್ಣ ಮಗು ಮ್ಯಾಗಿ ಬಾಯಲ್ಲಿ ಸದಾ ನಿಪ್ಪಲ್. ಇವರೆಲ್ಲರನ್ನೂ ಹೇಗೋ ದಾರಿಗೆ ತರುವವಳು ಅಮ್ಮ ಮಾರ್ಜ್. ಅದರ ಎಲ್ಲ ಕಂತುಗಳೂ ಮಕ್ಕಳಿಗೆ ತಕ್ಕವಲ್ಲ. ನಾವು ತೋರಿಸಿದ್ದು ಒಂದೇ, 'ಸ್ಕ್ರೀನ್‌ಲೆಸ್' ಅನ್ನುವ ಕಂತು. ಅದನ್ನೂ ನಮ್ಮ ಇಂಗ್ಲಿಷ್ ಮೇಡಂ ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ವಿವರಿಸಿದರು.

ಕತೆ ಸರಳ. ಮನೆಯವರೆಲ್ಲ ಸ್ಕ್ರೀನಿಗೆ ಅಂಟಿಕೊಂಡಿದ್ದಾರೆ ಅಂತ ಅಮ್ಮನಿಗೆ ಅನಿಸುತ್ತದೆ. ಎಲ್ಲರಿಗೂ ಮಿತಿ ಹಾಕುತ್ತಾಳೆ. ಉಳಿದವರು ಗೊಣಗಿಕೊಂಡಾದರೂ ಹೇಗೋ ಹೊಂದಿಕೊಳ್ಳುತ್ತಾರೆ. ಆಗದೆ ಹೋಗುವುದು ರೂಲ್ಸ್ ಮಾಡಿದ ಅಮ್ಮನಿಗೇ. ಕೊನೆಗೆ ಇಡೀ ಕುಟುಂಬ ಸ್ಕ್ರೀನ್ ಚಟ ಬಿಡಿಸುವ ಕೇಂದ್ರಕ್ಕೆ ಹೋಗಬೇಕಾಗುತ್ತದೆ.

ಮಾರ್ಜ್ ತನ್ನದೇ ರೂಲ್ಸಿಗೆ ಸಿಕ್ಕಿಬಿದ್ದಾಗ ಹಾಲಿನಲ್ಲಿ ಎದ್ದ ನಗು ಸ್ಟಾಫ್ ರೂಮಿನವರೆಗೂ ಕೇಳಿಸಿತಂತೆ. ಅಮೆರಿಕದ ಜೋಕಿಗೆ ನಮ್ಮ ಮಕ್ಕಳು ಇಷ್ಟು ನಗುತ್ತಾರೆ ಅಂತ ನಾವು ಅಂದುಕೊಂಡಿರಲಿಲ್ಲ. ಆಮೇಲೆ ಒಂದೊಂದು ಚೀಟಿ ಕೊಟ್ಟು 'ನಗು ಬಂದಿದ್ದು ಯಾಕೆ, ಬರೆಯಿರಿ, ಹೆಸರು ಬೇಡ' ಎಂದೆವು.

ಅದರಲ್ಲಿ ಹೋಮರ್, ಬಾರ್ಟ್ ಬಗ್ಗೆ ಬರೆದವರು ಕಡಿಮೆ. ಹೆಚ್ಚಿನವರು ಬರೆದದ್ದು ಮನೆ ಬಗ್ಗೆ. 'ನಾನು ಫೋನ್ ಹಿಡಿದ್ರೆ ಕಣ್ಣು ಹೋಗುತ್ತೆ ಅಂತಾರೆ, ಅಪ್ಪನ ಕಣ್ಣು ಹೋಗಲ್ವಾ?' ಅಂತ ಒಬ್ಬರು. 'ನಮ್ಮಜ್ಜಿ ಮೊದಲು ಟಿವಿ ಧಾರಾವಾಹಿ ಮುಗಿದ ಮೇಲೆ ಎದ್ದು ಹೋಗ್ತಿದ್ರು, ಫೋನಲ್ಲಿ ಮುಗಿಯೋದೇ ಇಲ್ಲ' ಅಂತ ಇನ್ನೊಬ್ಬರು. ಈ ಚೀಟಿ ಓದಿ ನಾನೇ ಸ್ವಲ್ಪ ಹೊತ್ತು ಯೋಚಿಸಿದೆ. ಧಾರಾವಾಹಿಗೆ ಕೊನೆ ಇತ್ತು, ಪೇಪರಿಗೂ ಕೊನೇ ಪುಟ ಇತ್ತು. ಬೆರಳು ಮೇಲಕ್ಕೆ ಸರಿಸಿದಷ್ಟೂ ಬರುತ್ತಲೇ ಇರುವ ವ್ಯವಸ್ಥೆಯನ್ನು ಮೊದಲು ರೂಪಿಸಿದವರಲ್ಲಿ ಏಜಾ ರಾಸ್ಕಿನ್ ಒಬ್ಬರು. ಅದು 2006ರ ಸುಮಾರಿನ ಮಾತು. ಜನ ನಿಲ್ಲಿಸಲಾಗದೆ ನೋಡುವುದನ್ನು ಕಂಡು ಮುಂದೆ ಅವರೇ ಬೇಸರಪಟ್ಟುಕೊಂಡರು. ದೊಡ್ಡ ತಲೆಗಳು ಕೂತು ನಿಲ್ಲಿಸಲಾಗದಂತೆ ಮಾಡಿಟ್ಟದ್ದನ್ನು ಹದಿಮೂರು ವರ್ಷದ ಹುಡುಗ ನಿಲ್ಲಿಸಲಿಲ್ಲ ಅಂತ ಬೈಯುವುದು ಎಷ್ಟು ಸರಿ ಹೇಳಿ. ಅಜ್ಜಿಗೇ ಆಗುತ್ತಿಲ್ಲ!

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಚೀಟಿ. ಅಂಗನವಾಡಿ ಕಾರ್ಯಕರ್ತೆಯೊಬ್ಬರ ಮಗು ಬರೆದದ್ದು ಅಂತ ಓದಿದರೆ ತಿಳಿಯುತ್ತದೆ. ಪೋಷಣ್ ಟ್ರ್ಯಾಕರ್ ಆ್ಯಪ್ ಬಂದ ಮೇಲೆ ಮಕ್ಕಳ ಹಾಜರಿ, ತೂಕ, ಎತ್ತರ ಎಲ್ಲವನ್ನೂ ಫೋನಿನಲ್ಲೇ ತುಂಬಬೇಕು. ಆ ಕೆಲಸ ಮನೆಗೂ ಬರುತ್ತದೆ. ಮಗು ಬರೆದದ್ದು ಹೀಗೆ: 'ಅಮ್ಮ ಕೆಲಸ ಮಾಡ್ತಿದ್ದಾರಾ, ರೀಲ್ಸ್ ನೋಡ್ತಿದ್ದಾರಾ ನಂಗೆ ಗೊತ್ತಾಗುತ್ತೆ. ಕೆಲಸ ಆದ್ರೆ ಹಣೆ ಗಂಟು ಹಾಕಿರ್ತಾರೆ, ಮಧ್ಯೆ ಬೈತಾರೆ. ರೀಲ್ಸ್ ಆದ್ರೆ ಹೆಬ್ಬೆರಳು ಮಾತ್ರ ಅಲ್ಲಾಡುತ್ತೆ, ಕರೆದ್ರೆ ಹ್ಞೂಂ ಅಂತಾರೆ, ಏನು ಕೇಳಿದ್ರೂ ಹ್ಞೂಂ. ಆಗ ಪಿಕ್ನಿಕ್ ದುಡ್ಡು ಕೇಳಬೇಕು.'

ಈ ಮಗುವಿಗೆ ಅಮ್ಮನ ಮೇಲೆ ಸಿಟ್ಟಿಲ್ಲ. ಗಮನವಿದೆ, ಸ್ವಲ್ಪ ಲಾಭದ ಲೆಕ್ಕವೂ ಇದೆ. ಆಡಿಕೊಳ್ಳುವುದು ಕಲಿಸಿದಿರಿ ಎಂದ ತಂದೆಗೆ ನನ್ನ ಉತ್ತರ ಇದೇ. ಕಾರ್ಟೂನ್ ಹೊಸದಾಗಿ ಏನೂ ಕಲಿಸಿಲ್ಲ. ಮಕ್ಕಳು ಇದನ್ನೆಲ್ಲ ಯಾವಾಗಲೋ ನೋಡಿಟ್ಟುಕೊಂಡಿದ್ದರು. ಹೇಳಲು ಒಂದು ನೆಪ ಸಿಕ್ಕಿತು, ಅಷ್ಟೇ. ನಕ್ಕು ಹೇಳಿದರು ಅನ್ನುವುದೇ ನನಗೆ ಸಮಾಧಾನ.

ಮಕ್ಕಳನ್ನೂ ಸುಮ್ನೆ ಬಿಡಲಿಲ್ಲ ಅನ್ನಿ. 'ನಿಮ್ಮ ಮನೆಯಲ್ಲಿ ಮಿತಿ ಹಾಕಿದರೆ ಮೊದಲು ಸೋಲುವವರು ಯಾರು?' ಅಂತ ಕೇಳಿದೆ. ಎದ್ದ ಕೈಗಳು ಅವರವರ ತಲೆಯ ಕಡೆಗೇ ತಿರುಗಿದವು. ಒಬ್ಬ ಹುಡುಗ ಮಾತ್ರ ವಾದಕ್ಕೆ ನಿಂತ. 'ಸರ್, ಇದೂ ಸ್ಕ್ರೀನೇ ಅಲ್ವಾ? ಸ್ಕ್ರೀನ್ ನೋಡ್ಬೇಡಿ ಅಂತ ಸ್ಕ್ರೀನಲ್ಲೇ ತೋರಿಸ್ತಾರೆ. ನಾವು ನೋಡಿದಷ್ಟೂ ಅವರಿಗೆ ಲಾಭ.' ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಹುಡುಗ ಬುದ್ಧಿವಂತ.

ಇನ್ನು ಈ ಕಂತನ್ನೇ ಆರಿಸಿದ್ದು ಯಾಕೆ? ಅದು ಪ್ರಸಾರವಾದದ್ದು 2020ರ ಮಾರ್ಚ್ 8ರಂದು. ಆ ತಿಂಗಳು ನೆನಪಿದೆಯಲ್ಲ? ನಮ್ಮಲ್ಲಿ ಶಾಲೆಗಳು ಮುಚ್ಚಿದವು, 25ರಿಂದ ಇಡೀ ದೇಶಕ್ಕೆ ಬೀಗ ಬಿತ್ತು. ಫೋನ್ ಬಿಡಿ ಅಂತ ಕಾರ್ಟೂನ್ ತಮಾಷೆ ಮಾಡಿದ ಕೆಲವೇ ವಾರಗಳಲ್ಲಿ, ಫೋನ್ ಹಿಡಿಯಿರಿ ಅಂತ ನಾವೇ ಮಕ್ಕಳಿಗೆ ಹೇಳಬೇಕಾಯಿತು. ನಿಮ್ಮಲ್ಲಿ ಎಷ್ಟೋ ಜನ ಸಾಲ ಮಾಡಿ ಫೋನ್ ಕೊಂಡಿರಿ. ಚಂದನ ವಾಹಿನಿಯ ಪಾಠ ಬಂತು, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮದಲ್ಲಿ ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಮರದ ನೆರಳು ಹುಡುಕಿಕೊಂಡು ಹೋದರು. ಈಗ ಒಂಬತ್ತನೇ ತರಗತಿಯಲ್ಲಿರುವವರು ಆಗ ಇನ್ನೂ ಸಣ್ಣ ತರಗತಿಯ ಮಕ್ಕಳು. ಅವರಿಗೆ ಆಗ ಎಷ್ಟೋ ಪಾಠ ಬಂದದ್ದು ಅಂಗೈ ಅಗಲದ ಗಾಜಿನಿಂದ. ಅವರ ಕೈಗೆ ಫೋನ್ ಹೋದದ್ದು ಹಠದಿಂದಲ್ಲ, ನಮ್ಮ ಕೈಯಿಂದ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡ್ಗಾಂವ್‌ನವರಿಗೂ ಹೀಗೇ ಆಗಿತ್ತು. ಆನ್‌ಲೈನ್ ಪಾಠ ಮುಗಿದು ಶಾಲೆ ತೆರೆದರೂ ಮಕ್ಕಳು ಫೋನ್ ಬಿಡಲಿಲ್ಲ. 2022ರಲ್ಲಿ ಊರವರು ಕೂತು ಮಾತಾಡಿಕೊಂಡರು. ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್. ಎಂಟೂವರೆಯವರೆಗೆ ಟಿವಿ, ಮೊಬೈಲ್ ಬಂದ್. ಅದು ಮಕ್ಕಳಿಗೆ ಮಾತ್ರ ಅಲ್ಲ, ಇಡೀ ಊರಿಗೆ. ಇದನ್ನು ಹೇಳಿದಾಗ ನಮ್ಮ ಮಕ್ಕಳಿಗೆ ಭಾರೀ ಖುಷಿಯಾದದ್ದು ಈ ಕೊನೇ ಭಾಗಕ್ಕೆ.

ನಮ್ಮ ಊರಿಗೆ ಸೈರನ್ ತರುವ ಶಕ್ತಿ ನನಗಿಲ್ಲ. ಶಾಲೆಯ ಕೈಯಲ್ಲಿ ಇರುವುದನ್ನು ಮಾಡುತ್ತೇವೆ. ಮುಂದಿನ ಸೋಮವಾರದಿಂದ ಈ ಎರಡು ತರಗತಿಗಳ ಹೋಂವರ್ಕ್ ವಾಟ್ಸ್ಆ್ಯಪ್‌ನಲ್ಲಿ ಬರುವುದಿಲ್ಲ. ಬೋರ್ಡಿನ ಮೇಲೆ ಬರೆಯುತ್ತೇವೆ, ಮಕ್ಕಳು ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. 'ಹೋಂವರ್ಕ್ ನೋಡ್ಬೇಕು, ಫೋನ್ ಕೊಡಮ್ಮ' ಅನ್ನುವ ಮಾತಿಗೆ ಇನ್ನು ಜಾಗ ಇಲ್ಲ. ಗ್ರೂಪಿನಲ್ಲಿ ಸಂಜೆ ಏಳರ ನಂತರ ಶಾಲೆಯಿಂದ ಮೆಸೇಜೂ ಬರುವುದಿಲ್ಲ, ಮಳೆಗೆ ರಜೆ ಕೊಟ್ಟಂಥ ತುರ್ತು ವಿಷಯ ಬಿಟ್ಟು. ನೀವೂ ಆ ಹೊತ್ತಿನ ಮೇಲೆ ಗುಡ್ ನೈಟ್ ಹೂವಿನ ಚಿತ್ರ ಹಾಕದಿದ್ದರೆ ಉಪಕಾರ. (ಮಕ್ಕಳು ಫೋನಿನಿಂದ ಹಾಳಾಗುತ್ತಿದ್ದಾರೆ ಅನ್ನುವ ಉದ್ದನೆಯ ಫಾರ್ವರ್ಡ್ ಗ್ರೂಪಿಗೆ ಬಂದದ್ದು ನಡುರಾತ್ರಿ. ಕಳಿಸಿದವರ ಹೆಸರು ಹೇಳುವುದಿಲ್ಲ.)

ಒಂದು ವಿಷಯ ಮಾತ್ರ ತಮಾಷೆಗೆ ಬಿಡುವಂಥದ್ದಲ್ಲ. ಫೋನ್ ಜಾಸ್ತಿ ನೋಡುವ ಎಲ್ಲ ಮಕ್ಕಳೂ ಚಟಕ್ಕೆ ಬಿದ್ದವರಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸುವಾಗಲೂ ಎಷ್ಟು ಗಂಟೆ ಆಡುತ್ತಾರೆ ಅಂತ ಅಳತೆ ಇಡಲಿಲ್ಲ. ಆಟ ಕೈಮೀರಿದೆಯಾ, ಊಟ ನಿದ್ದೆ ಓದು ಸ್ನೇಹ ಎಲ್ಲ ಹಿಂದೆ ಬಿದ್ದಿವೆಯಾ, ತೊಂದರೆ ಆಗುತ್ತಿದ್ದರೂ ನಿಲ್ಲಿಸಲು ಆಗುತ್ತಿಲ್ಲವಾ, ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನಡೆದಿದೆಯಾ ಅಂತ ನೋಡುತ್ತಾರೆ. ನಿಮ್ಮ ಮಗುವಿನಲ್ಲಿ ಇಂಥದ್ದು ಕಂಡರೆ ವರ್ಷ ಆಗಲಿ ಅಂತ ಕಾಯಬೇಡಿ, ಕಿತ್ತುಕೊಂಡು ಗೋಡೆಗೆ ಹೊಡೆಯಲೂ ಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ 'ಶಟ್' ಎಂಬ ಕ್ಲಿನಿಕ್ 2014ರಿಂದ ಇದೆ. ಅಷ್ಟು ದೂರ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನ್ನ ಹತ್ತಿರ ಬಂದರೂ ಸರಿ. ವಿಷಯ ನನ್ನ ಕೋಣೆ ದಾಟುವುದಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ ಅದೇ ಹಾಲಿನಲ್ಲಿ ಅದೇ ಕಂತನ್ನು ನಿಮಗೂ ತೋರಿಸುತ್ತೇವೆ. ಇಂಗ್ಲಿಷ್ ಬಾರದವರು ಹಿಂಜರಿಯಬೇಡಿ, ಮೇಡಂ ಇರುತ್ತಾರೆ. ಅಪ್ಪಂದಿರು 'ಅವಳು ಬರ್ತಾಳೆ ಸರ್' ಅಂತ ತಪ್ಪಿಸಿಕೊಳ್ಳಬೇಡಿ, ಚೀಟಿಗಳಲ್ಲಿ ನಿಮ್ಮ ಪಾಲೇ ದೊಡ್ಡದು. ನೋಡಿದ ಮೇಲೆ ನಿಮಗೂ ಒಂದೊಂದು ಚೀಟಿ ಇದೆ. ಅದನ್ನು ಮಕ್ಕಳು ಓದುತ್ತಾರೆ.

ಬರುವವರು ಕೆಳಗಿನ ತುಂಡಿನಲ್ಲಿ ಸಹಿ ಮಾಡಿ ಗುರುವಾರದೊಳಗೆ ಮಕ್ಕಳ ಕೈಯಲ್ಲಿ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು