ಎಫ್‌ಎಓದಲ್ಲಿ ಓಟು ಸಮ, ದುಡ್ಡಿನ ಕಥೆ ಬೇರೆ

ಸಂಪಾದಕರಿಗೆ ನಮಸ್ಕಾರ,

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದ್ರೆ ಎಫ್‌ಎಓ ಬಗ್ಗೆ ನಿಮ್ಮ ಪೇಪರ್‌ನಲ್ಲಿ ಬಂದಿದ್ದ ಲೇಖನ ಓದ್ದೆ. 2027ರಲ್ಲಿ ಹೊಸ ಡೈರೆಕ್ಟರ್ ಜನರಲ್, ಅಂದ್ರೆ ಆ ಸಂಸ್ಥೆಯ ಮುಖ್ಯಸ್ಥರು, ಯಾವ ದೇಶದೋರು ಆಗ್ತಾರೆ ಅನ್ನೋದ್ರ ಸುತ್ತಾನೇ ಪೂರ್ತಿ ಲೇಖನ ಓಡಿದೆ. ಅದು ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ, ಆದ್ರೆ ಆ ಸಂಸ್ಥೆಗೆ ದುಡ್ಡು ಯಾವ ದಾರೀಲಿ ಬರುತ್ತೆ, ಅದನ್ನ ಎಲ್ಲಿ ಖರ್ಚು ಮಾಡ್ಬೇಕು ಅಂತ ಯಾರು ಹೇಳ್ತಾರೆ ಅನ್ನೋದು ಒಂದು ಸಾಲಲ್ಲೂ ಇಲ್ವಲ್ಲ ಸ್ವಾಮಿ.

ಓಟಿನ ಮಟ್ಟಿಗೆ ದೊಡ್ಡ ದೇಶಗಳು ಆಡಿಸಿದ ಹಾಗೇ ಎಲ್ಲ ನಡೆಯುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ಎರಡು ವರ್ಷಕ್ಕೊಮ್ಮೆ ರೋಮ್‌ನಲ್ಲಿ ಸೇರೋ ಕಾನ್ಫರೆನ್ಸೇ, ಅಂದ್ರೆ ಎಲ್ಲ ಸದಸ್ಯ ದೇಶಗಳ ಸಭೆಯೇ, ಅಲ್ಲಿ ಎಲ್ಲಕ್ಕಿಂತ ಮೇಲೆ, ದೇಶಕ್ಕೊಂದು ಓಟು, ಪುಟ್ಟ ದ್ವೀಪದೇಶ ತುವಾಲುಗೂ ಒಂದೇ ಅಮೆರಿಕಕ್ಕೂ ಒಂದೇ, ವರ್ಲ್ಡ್ ಬ್ಯಾಂಕ್ ಥರ ಶೇರು ನೋಡಿ ಓಟು ಕೊಡೋ ಪದ್ಧತಿ ಇಲ್ಲ. 2019ರ ಡೈರೆಕ್ಟರ್ ಜನರಲ್ ಚುನಾವಣೇಲಿ ಏನಾಯ್ತು ನೋಡಿ. ಸೀಕ್ರೆಟ್ ಬ್ಯಾಲಟ್‌ನಲ್ಲಿ ಚಲಾವಣೆಯಾದ 191 ಓಟಲ್ಲಿ ಚೀನಾದ ಚೂ ಡೊಂಗ್ಯು ಅವರಿಗೆ 108 ಬಿತ್ತು, ಫ್ರಾನ್ಸ್ ಅಭ್ಯರ್ಥಿಗೆ 71, ಅಮೆರಿಕದ ಬೆಂಬಲ ಇದೆ ಅಂತ ಸುದ್ದಿಯಾಗಿದ್ದ ಜಾರ್ಜಿಯಾದೋರಿಗೆ ಬರೀ 12. ನಮ್ಮ ನೀತಿ ಆಯೋಗದ ರಮೇಶ್ ಚಂದ್ ಕೂಡ ಕಣದಲ್ಲಿದ್ರು, ಮತದಾನಕ್ಕೆ ಮುಂಚೆನೇ ಹಿಂದೆ ಸರಿದ್ರು. ಆಮೇಲೆ ಭಾರತದ ಓಟು ಯಾರಿಗೆ ಹೋಯ್ತು ಅಂತ ಕೇಳೋ ಹಾಗಿಲ್ಲ, ಗುಟ್ಟು. ಸಣ್ಣ ದೇಶಗಳ ಮೇಲೆ ಒತ್ತಡ ಬೀಳ್ಬಾರ್ದು ಅಂತ ಗುಟ್ಟು ಬೇಕು ಒಪ್ತೀನಿ, ಆದ್ರೆ ತನ್ನ ಜನರಿಂದಲೂ ಮುಚ್ಚಿಡೋಕೆ ಸರ್ಕಾರಗಳಿಗೆ ಇದು ಒಳ್ಳೆ ನೆಪ ಆಗಿದೆ.

ಡೈರೆಕ್ಟರ್ ಜನರಲ್ ಅವಧಿ ವಿಷಯದಲ್ಲಿ ಮಾತ್ರ ಸುಧಾರಣೆ ಆಗಿದೆ. ಹಿಂದೆ ಎಡ್ವರ್ಡ್ ಸೌಮಾ ಆ ಕುರ್ಚೀಲಿ 18 ವರ್ಷ ಕೂತ್ರು, ಅವರಾದ್ಮೇಲೆ ಬಂದ ಜಾಕ್ ದಿಯೂಫ್ ಕೂಡ 18 ವರ್ಷ. ಈಗ ನಾಲ್ಕು ವರ್ಷ, ಜಾಸ್ತಿ ಅಂದ್ರೆ ಇನ್ನೊಂದ್ಸಲ, ಅಷ್ಟೇ.

ಕಾನ್ಫರೆನ್ಸ್ ಇಲ್ಲದ ದಿನಗಳಲ್ಲಿ ಕೆಲಸ ನೋಡ್ಕೊಳ್ಳೋದು 49 ಸದಸ್ಯರ ಕೌನ್ಸಿಲ್. ಎಂ.ಎಸ್. ಸ್ವಾಮಿನಾಥನ್ ಎಂಬತ್ತರ ದಶಕದಲ್ಲಿ ಇದರದ್ದೇ ಅಧ್ಯಕ್ಷರಾಗಿದ್ರು. ಇಲ್ಲಿನ ಸೀಟು ಹಂಚಿಕೆ ನೋಡಿದ್ರೆ ನಗು ಬರುತ್ತೆ: ಉತ್ತರ ಅಮೆರಿಕ ಅನ್ನೋ ವಲಯದಲ್ಲಿರೋದೇ ಅಮೆರಿಕ, ಕೆನಡಾ ಎರಡು ದೇಶ, ಸೀಟೂ ಎರಡು, ಪೈಪೋಟಿ ಅನ್ನೋ ಮಾತೇ ಇಲ್ಲ. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಜನ ಇರೋ ಏಷ್ಯಾ ವಲಯಕ್ಕೆ ಒಂಬತ್ತು.

ಇನ್ನು ದುಡ್ಡು. ಪ್ರತಿ ದೇಶಕ್ಕೂ ಇಷ್ಟು ಅಂತ ನಿಗದಿಯಾದ ವಂತಿಗೆ ಇದೆ, ಎಲ್ಲ ಸೇರಿ ಎರಡು ವರ್ಷಕ್ಕೆ ಸುಮಾರು 100 ಕೋಟಿ ಡಾಲರ್, ಅದರಲ್ಲಿ ಅಮೆರಿಕದ ಪಾಲು 22 ಪರ್ಸೆಂಟ್. ಎರಡು ವರ್ಷದ ವಂತಿಗೆಯಷ್ಟು ಬಾಕಿ ಬಿದ್ರೆ ಆ ದೇಶದ ಓಟೇ ಹೋಗುತ್ತೆ, ಕಾನ್ಫರೆನ್ಸ್ ಮನಸ್ಸು ಮಾಡಿದ್ರೆ ವಿನಾಯ್ತಿ ಉಂಟು. ಕಾನ್ಫರೆನ್ಸ್ ಓಟು ಹಾಕಿ ಪಾಸ್ ಮಾಡೋದು ಈ ವಂತಿಗೆ ಹಣವನ್ನ ಮಾತ್ರ. ಈಚಿನ ಬಜೆಟ್‌ಗಳಲ್ಲಿ ಇದು ಒಟ್ಟು ಹಣದ ಮೂರನೇ ಒಂದು ಭಾಗವೂ ಇಲ್ಲ! ಉಳಿದಿದ್ದು ದೇಶಗಳು, ಬ್ಯಾಂಕುಗಳು, ಫಂಡುಗಳು ತಾವಾಗೇ ಕೊಡೋದು, ಅದರಲ್ಲಿ ಬಹುಪಾಲು ಇಂಥ ದೇಶಕ್ಕೆ ಇಂಥ ಪ್ರಾಜೆಕ್ಟಿಗೆ ಅಂತ ಗೆರೆ ಎಳೆದೇ ಬರುತ್ತೆ. ಮಣ್ಣಿನ ಫಲವತ್ತತೆ ಕಾಪಾಡೋ ಕೆಲಸಕ್ಕಿಂತ ಮಿಡತೆ ಹಾವಳಿ ತಡೆಯೋಕೆ ದುಡ್ಡು ಕೊಡ್ತೀನಿ ಅಂತ ದಾನಿ ಹೇಳಿದ್ರೆ ಆ ದುಡ್ಡು ಅಲ್ಲಿಗೇ ಹೋಗ್ಬೇಕು, ತುವಾಲುವಿನ ಒಂದು ಓಟಿಂದ ಅದನ್ನ ಮಣ್ಣಿನ ಕಡೆ ತಿರುಗಿಸೋಕಾಗಲ್ಲ. ಇಂಥ ದುಡ್ಡಿನ ರಿಪೋರ್ಟ್ ಕೌನ್ಸಿಲ್ ಮುಂದೆ ಬರುತ್ತೆ ನಿಜ, ಆದ್ರೆ ಅಷ್ಟೊತ್ತಿಗೆ ಒಪ್ಪಂದಕ್ಕೆ ಸಹಿ ಬಿದ್ದಿರುತ್ತೆ.

ಅದಕ್ಕೇ ಕೇಳ್ತಿರೋದು, 2027ರ ಚುನಾವಣೆ ಬಗ್ಗೆ ಮುಂದೆ ಬರೆಯುವಾಗ ಅಭ್ಯರ್ಥಿಗಳ ಫೋಟೋ ಜೊತೆ ಒಂದು ಪ್ರಶ್ನೆನೂ ಹಾಕಿ: ಗೆರೆ ಎಳೆಯದ ದುಡ್ಡನ್ನ ಜಾಸ್ತಿ ಮಾಡೋಕೆ ಇವರು ಏನು ಮಾಡ್ತಾರೆ? ನಮ್ಮ ಸರ್ಕಾರ ಕೌನ್ಸಿಲ್‌ನಲ್ಲಿ ಇದರ ಬಗ್ಗೆ ಏನು ಮಾತಾಡಿದೆ ಅಂತ ಕೃಷಿ ಮಂತ್ರಿಗಳನ್ನೂ ಕೇಳಿ.

ಇಂತಿ,
ಒಬ್ಬ ಓದುಗ