ಚಿತ್ರ ಬರೆದವರ ಹೆಸರೂ ಕ್ಯಾಟಲಾಗಿನಲ್ಲಿ ಸಿಗಲಿ

ಇವರಿಗೆ,
ಮಾನ್ಯ ನಿರ್ದೇಶಕರು,
ಸಾರ್ವಜನಿಕ ಗ್ರಂಥಾಲಯ ಇಲಾಖೆ, ಬೆಂಗಳೂರು

ಮಾನ್ಯರೇ,

ಮಕ್ಕಳ ಚಿತ್ರಪುಸ್ತಕಗಳನ್ನು ಕ್ಯಾಟಲಾಗಿಗೆ ಸೇರಿಸುವಾಗ ಚಿತ್ರಕಾರರ ಹೆಸರನ್ನು ಲೇಖಕರ ಹೆಸರಿನಂತೆಯೇ ಹುಡುಕಲು ಸಿಗುವ ಹಾಗೆ ದಾಖಲಿಸಬೇಕು ಎಂದು ತಾವೊಂದು ಸುತ್ತೋಲೆ ಹೊರಡಿಸಬೇಕೆಂಬುದು ಈ ಪತ್ರದ ಕೋರಿಕೆ. ನಾನು ಶಾಲೆಯೊಂದರ ಗ್ರಂಥಪಾಲಕಿ. ಚಿಕ್ಕ ತರಗತಿಯ ಮಕ್ಕಳಿಗೆ ಪುಸ್ತಕ ಹುಡುಕಿಕೊಡುವುದೇ ನನ್ನ ದಿನದ ಕೆಲಸ.

ನಾನು ನೋಡಿರುವ ಬಹಳಷ್ಟು ಕ್ಯಾಟಲಾಗುಗಳಲ್ಲಿ ಇಂಥ ಪುಸ್ತಕದ ದಾಖಲೆ ಹೀಗಿರುತ್ತದೆ: ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ, ಕೊನೆಗೆ ‘24 ಪು., ಚಿತ್ರಸಹಿತ’. ಚಿತ್ರಗಳಿವೆ ಎಂದು ತಿಳಿಯುತ್ತದೆ, ಯಾರವು ಎಂದು ತಿಳಿಯುವುದಿಲ್ಲ. ಶೀರ್ಷಿಕೆ ಪುಟದಲ್ಲಿ ‘ಚಿತ್ರಗಳು’ ಎಂದು ಹಾಕಿ ಕಲಾವಿದರ ಹೆಸರನ್ನು ಸ್ಪಷ್ಟವಾಗಿ ಅಚ್ಚು ಹಾಕಿಸಿದ್ದರೂ ಅದು ಕಂಪ್ಯೂಟರಿಗೆ ಏರುವುದಿಲ್ಲ. ಪದಗಳೇ ಇಲ್ಲದ ಚಿತ್ರಪುಸ್ತಕಗಳ ಪಾಡಂತೂ ಇನ್ನೂ ಕಷ್ಟ. ಒಂದು ಗ್ರಂಥಾಲಯದಲ್ಲಿ ಅಂಥದೊಂದು ಪುಸ್ತಕದ ಲೇಖಕರ ಜಾಗದಲ್ಲಿ ಪ್ರಕಾಶನ ಸಂಸ್ಥೆಯ ಹೆಸರಿತ್ತು. ಇಡೀ ಪುಸ್ತಕವನ್ನು ಒಬ್ಬರೇ ಕಟ್ಟಿದ್ದಾರೆ, ದಾಖಲೆಯಲ್ಲಿ ಅವರೊಬ್ಬರೇ ಇಲ್ಲ.

ಚಿತ್ರಪುಸ್ತಕದಲ್ಲಿ ಚಿತ್ರ ಅಲಂಕಾರಕ್ಕೆ ಬಂದದ್ದಲ್ಲ. ಪುಟದಲ್ಲಿ ‘ಅಜ್ಜಿ ಸಂತೆಗೆ ಹೊರಟಳು’ ಎಂದಷ್ಟೇ ಇದೆ ಎಂದಿಟ್ಟುಕೊಳ್ಳಿ. ಅಜ್ಜಿಯ ಚೀಲದಲ್ಲೊಂದು ತೂತು, ಅದರಿಂದ ದಾರಿಯುದ್ದಕ್ಕೂ ಉದುರುವ ಕಡಲೆಕಾಯಿ, ಅದನ್ನು ಹೆಕ್ಕುತ್ತಾ ಹಿಂದೆಯೇ ಬರುವ ಅಳಿಲು, ಇವೆಲ್ಲ ಇರುವುದು ಚಿತ್ರದಲ್ಲಿ. ಅಕ್ಷರ ಬಾರದ ಮಗು ಪುಟ ಮಗುಚುತ್ತಾ ಅಳಿಲಿನ ಕತೆಯನ್ನೇ ಹೇಳುತ್ತದೆ. ಆ ಕತೆಯನ್ನು ಕೊಟ್ಟವರು ಕಲಾವಿದರು.

ಮಕ್ಕಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಮೂರನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕ ವಾಪಸ್ ಕೊಡುತ್ತಾ, “ಮಿಸ್, ಇದೇ ಥರ ಚಿತ್ರ ಇರೋದು ಇನ್ನೊಂದು ಕೊಡಿ” ಎಂದಳು. ಲೇಖಕರ ಹೆಸರಲ್ಲಿ ಹುಡುಕಿದರೆ ಬೇರೆ ಬೇರೆ ಕಲಾವಿದರ ಪುಸ್ತಕಗಳು ಬರುತ್ತವೆ. ವಿಷಯದಲ್ಲಿ ಹುಡುಕಿದರೂ ಅಷ್ಟೇ. ಕೊನೆಗೆ ಇಬ್ಬರೂ ಕಪಾಟಿನ ಮುಂದೆ ಕೂತು ಒಂದೊಂದೇ ಪುಸ್ತಕ ತೆರೆದು ನೋಡಿದೆವು. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಕೊಡಬೇಕಾದ ಕ್ಯಾಟಲಾಗಿನಲ್ಲಿ ಹೆಸರಿರಲಿಲ್ಲ.

ಅನುವಾದಗಳನ್ನೂ ಗಮನಿಸಿ. ಕನ್ನಡದ ಚಿತ್ರಪುಸ್ತಕಗಳಲ್ಲಿ ಅನೇಕವು ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ತೂಲಿಕಾ ಮುಂತಾದ ಪ್ರಕಾಶಕರು ಹಲವು ಭಾಷೆಗಳಲ್ಲಿ ತಂದಂಥವು. ಭಾಷೆ ಬದಲಾದಾಗ ಮೂಲ ಲೇಖಕರ ವಾಕ್ಯಗಳು ಹೋಗಿ ಅನುವಾದಕರ ವಾಕ್ಯಗಳು ಬರುತ್ತವೆ. ಕಲಾವಿದರು ಬರೆದ ಗೆರೆ, ಹಚ್ಚಿದ ಬಣ್ಣ ಮಾತ್ರ ಇದ್ದ ಹಾಗೇ ನಮ್ಮ ಮಕ್ಕಳ ಕೈಗೆ ಬರುತ್ತದೆ. ದಾಖಲೆಯಲ್ಲಿ ಲೇಖಕರಿಗೂ ಅನುವಾದಕರಿಗೂ ಜಾಗವಿದೆ, ಅದು ಸರಿ. ಬದಲಾಗದೆ ಬಂದವರಿಗೆ ಇಲ್ಲ ಎಂದರೆ ನನಗೆ ಒಪ್ಪಿಕೊಳ್ಳಲಾಗುತ್ತಿಲ್ಲ.

ಇದಕ್ಕೆ ಹೊಸ ನಿಯಮವೇನೂ ಬೇಕಿಲ್ಲ. ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಸಂಶೋಧನಾ-ತರಬೇತಿ ಕೇಂದ್ರವನ್ನು ಕಟ್ಟಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಕ್ಯಾಟಲಾಗ್ ನಿಯಮಾವಳಿ ‘ಕ್ಲಾಸಿಫೈಡ್ ಕ್ಯಾಟಲಾಗ್ ಕೋಡ್’ ಚಿತ್ರಕಾರರನ್ನು ಅನುವಾದಕರ, ಸಂಪಾದಕರ ಸಾಲಿನಲ್ಲೇ ಇಡುತ್ತದೆ. ನಾವೆಲ್ಲ ಕಾಲೇಜಿನಲ್ಲಿ ಓದಿದ ಎಎಸಿಆರ್-2 ಎಂಬ ಕ್ಯಾಟಲಾಗ್ ನಿಯಮಾವಳಿಯ ಪ್ರಕಾರ ಶೀರ್ಷಿಕೆ ಪುಟದಲ್ಲಿ ಚಿತ್ರಕಾರರ ಹೆಸರಿಗೆ ಲೇಖಕರಷ್ಟೇ ಪ್ರಾಮುಖ್ಯ ಇದ್ದರೆ, ಪುಸ್ತಕದ ಅರ್ಧ ಅಥವಾ ಹೆಚ್ಚು ಭಾಗ ಚಿತ್ರಗಳೇ ಆಗಿದ್ದರೆ, ಇಲ್ಲವೇ ಚಿತ್ರಗಳು ಪುಸ್ತಕದ ಮುಖ್ಯ ಅಂಶವಾಗಿದ್ದರೆ, ಅವರ ಹೆಸರಿಗೆ ಪ್ರತ್ಯೇಕ ನಮೂದು ಕೊಡಬೇಕು. ಮೂರರಲ್ಲಿ ಒಂದಿದ್ದರೂ ಸಾಕು. ಚಿತ್ರಪುಸ್ತಕದಲ್ಲಿ ಸಾಮಾನ್ಯವಾಗಿ ಮೂರೂ ಇರುತ್ತವೆ. 2013ರಲ್ಲಿ, ಎಎಸಿಆರ್-2ರ ನಂತರ ಬಂದ ಆರ್‌ಡಿಎ ನಿಯಮಗಳಿಗೆ ಬದಲಾದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಮಕ್ಕಳ ಪುಸ್ತಕಕ್ಕೆ ಚಿತ್ರಕಾರರ ನಮೂದು ಇರಲೇಬೇಕು. ಬ್ರಿಟನ್ನಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಎರವಲಿನ ಲೆಕ್ಕದ ಮೇಲೆ ಲೇಖಕರ ಜತೆಗೆ ಚಿತ್ರಕಾರರಿಗೂ ಹಣ ಸಲ್ಲುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯೂ ಚಿತ್ರದ ಕರ್ತೃ ಚಿತ್ರಕಾರರೇ ಎನ್ನುತ್ತದೆ. ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಅದರ 57ನೇ ಕಲಂ ಕರ್ತೃವಿಗೆ ಉಳಿಸಿದೆ. ಒಮ್ಮೆ ಸಂಭಾವನೆ ಪಡೆದು, ಮುಂದಿನ ಮುದ್ರಣಗಳಿಂದ ಏನೂ ಬಾರದ ಕಲಾವಿದರಿಗೆ ಆ ಹೆಸರೊಂದೇ ಆಸ್ತಿ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮಾರ್ಕ್ 21 ಎಂಬ ದಾಖಲೆ ನಮೂನೆಯನ್ನು ಬಳಸುವ ಕೋಹಾದಂಥ ಗ್ರಂಥಾಲಯ ತಂತ್ರಾಂಶಗಳಲ್ಲಿ, ಶೀರ್ಷಿಕೆಗೆಂದಿರುವ 245ನೇ ಫೀಲ್ಡಿನ (ಅಂಕಣದ) ಹೊಣೆಗಾರಿಕೆಯ ಭಾಗದಲ್ಲಿ, ಅಂದರೆ ಕೃತಿ ಯಾರದೆಂದು ಹೇಳುವ ಕಡೆ, ಶೀರ್ಷಿಕೆ ಪುಟದಲ್ಲಿರುವಂತೆ ಚಿತ್ರಕಾರರ ಹೆಸರು ಬರಬೇಕು. ಇತರ ಹೆಸರುಗಳಿಗೆಂದಿರುವ 700ನೇ ಫೀಲ್ಡಿನಲ್ಲಿ ಅದೇ ಹೆಸರನ್ನು ‘ಚಿತ್ರಕಾರರು’ ಎಂಬ ಪಾತ್ರದೊಂದಿಗೆ ಮತ್ತೆ ಕೊಡಬೇಕು. ಆಗ ಆ ಹೆಸರನ್ನು ಒತ್ತಿದರೆ ಅವರ ಪುಸ್ತಕಗಳೆಲ್ಲ ಒಟ್ಟಿಗೆ ಬರುತ್ತವೆ. ಕತೆ ಕಟ್ಟಿದವರೂ ಚಿತ್ರಕಾರರೇ ಆದ ಪದರಹಿತ ಪುಸ್ತಕದಲ್ಲಿ ಅವರ ಹೆಸರು ನೇರವಾಗಿ ಮುಖ್ಯ ಕರ್ತೃವಿನ 100ನೇ ಫೀಲ್ಡಿಗೆ ಹೋಗಲಿ. ಒಬ್ಬರೇ ಕಲಾವಿದರ ಹೆಸರು ಒಂದು ಪುಸ್ತಕದಲ್ಲಿ ಇನಿಷಿಯಲ್ ಸಮೇತ, ಇನ್ನೊಂದರಲ್ಲಿ ಇಲ್ಲದೆ, ಮತ್ತೊಂದರಲ್ಲಿ ಬೇರೆ ಕಾಗುಣಿತದಲ್ಲಿ ಇರುವುದುಂಟು. ಅದಕ್ಕೆ ಒಂದೇ ರೂಪವನ್ನು ಗೊತ್ತುಮಾಡಿ ಪಟ್ಟಿಯನ್ನು ಇಲಾಖೆಯೇ ಕೊಟ್ಟರೆ ಜಿಲ್ಲೆಗೊಂದು ರೀತಿ ಆಗುವುದು ತಪ್ಪುತ್ತದೆ.

ಪುಸ್ತಕ ಖರೀದಿಗೆ ಪ್ರಕಾಶಕರಿಂದ ಅರ್ಜಿ ಪಡೆಯುವಾಗಲೇ ಲೇಖಕರ ಪಕ್ಕದಲ್ಲಿ ಚಿತ್ರಕಾರರ ಹೆಸರನ್ನೂ ಕಡ್ಡಾಯವಾಗಿ ಕೇಳಿದರೆ ಗ್ರಂಥಪಾಲಕರ ಅರ್ಧ ಕೆಲಸ ಮುಗಿಯುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಿಂದ ಪಂಚಾಯತ್ ರಾಜ್ ಇಲಾಖೆಗೆ ಸೇರಿರುವುದರಿಂದ ಸುತ್ತೋಲೆಯ ಪ್ರತಿ ಅಲ್ಲಿಗೂ ಹೋಗಲಿ. ಹಳ್ಳಿಯ ಮಗು ಚಿತ್ರಪುಸ್ತಕವನ್ನು ಮೊದಲು ಮುಟ್ಟುವುದು ಎಷ್ಟೋ ಕಡೆ ಅಲ್ಲೇ.

ಹಳೆಯ ದಾಖಲೆಗಳನ್ನೆಲ್ಲ ಒಮ್ಮೆಲೇ ತಿದ್ದಿ ಎಂದು ಕೇಳುತ್ತಿಲ್ಲ. ಇನ್ನು ಮುಂದೆ ಬರುವ ಪುಸ್ತಕಗಳಿಂದ ಆರಂಭಿಸಿ, ಹಳೆಯವನ್ನು ವಾರ್ಷಿಕ ಸ್ಟಾಕ್ ಪರಿಶೀಲನೆಯಲ್ಲಿ ಪುಸ್ತಕ ಕೈಗೆ ಬಂದಾಗ ತಿದ್ದಬಹುದು. ಸುತ್ತೋಲೆಯ ಜತೆ ಮಾದರಿ ದಾಖಲೆಗಳನ್ನು ಲಗತ್ತಿಸುವುದಾದರೆ ಅವನ್ನು ಸಿದ್ಧಪಡಿಸಿಕೊಡಲು ನಾನು ತಯಾರಿದ್ದೇನೆ. ಬೇಸಿಗೆ ರಜೆಯಲ್ಲಿ ತಾವು ಹೇಳಿದ ಕಡೆ ಬಂದು ಕೂರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಶಾಲೆಯೊಂದರ ಗ್ರಂಥಪಾಲಕಿ