ಲೂಣಿ ನದಿಯ ಮರಳಿನ ವಿಚಾರವಾಗಿ ಅಳಿಯನಿಗೊಂದು ಪತ್ರ

ಚಿರಂಜೀವಿ ಪ್ರಸನ್ನನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಜೋಧಪುರ ಸೇರಿ, ಸಂಶೋಧನೆಗೆ ಲೂಣಿ ನದಿಯ ಜಲಾನಯನ ಪ್ರದೇಶವನ್ನೇ ಆರಿಸಿಕೊಂಡಿರುವುದಾಗಿ ನೀನು ಬರೆದ ಕಾಗದ ಓದಿ ಸಂತೋಷವಾಯಿತು. ಆದರೆ ಅದರೊಡನೆ ಕಳುಹಿಸಿದ ಕರಡಿನಲ್ಲಿ ‘ಗಾಳಿಯ ಕೆಲಸ’ಕ್ಕೆ ಒಂದು ಅಧ್ಯಾಯ, ‘ನೀರಿನ ಕೆಲಸ’ಕ್ಕೆ ಇನ್ನೊಂದು ಅಧ್ಯಾಯ ಎಂದು ಹಂಚಿಟ್ಟಿರುವುದನ್ನು ಕಂಡು, ಉತ್ತರವನ್ನು ತಡಮಾಡಬಾರದೆನ್ನಿಸಿತು. ಆ ಸೀಮೆಯಲ್ಲಿ ಹಲವು ಬೇಸಿಗೆ ಅಲೆದವನ ಮಾತೆಂದು ಕೇಳು. ಅವೆರಡನ್ನು ಬೇರೆ ಮಾಡಿ ಬರೆದರೆ ಆ ನದಿ ನಿನಗೆ ದಕ್ಕುವುದಿಲ್ಲ.

ಮೊದಲು ನಕಾಶೆಯನ್ನೇ ನೋಡು. ಅಜ್ಮೇರದ ಬಳಿ ಅರಾವಳಿಯಲ್ಲಿ ಹುಟ್ಟುವ ಲೂಣಿ, ನೈರುತ್ಯಕ್ಕೆ ಸುಮಾರು 495 ಕಿ.ಮೀ. ಹರಿದು ಕಛ್‌ನ ರಣವೆಂಬ ಉಪ್ಪುಬಯಲಿನಲ್ಲಿ ಇಂಗಿಹೋಗುತ್ತದೆ. ಏಪ್ರಿಲಿನಿಂದ ಜೂನ್‌ವರೆಗಿನ ಬಿರುಗಾಳಿ ಬೀಸುವುದಾದರೋ ಅದೇ ನೈರುತ್ಯದಿಂದ ಈಶಾನ್ಯದ ಕಡೆಗೆ. ಎಂದರೆ, ಮಳೆಗಾಲದ ಕೆಲವೇ ದಿನಗಳಲ್ಲಿ ನೀರು ಕೆಳಕ್ಕೆ ತಂದು ಹಾಕಿದ ಮರಳಿನಲ್ಲಿ ಒಂದು ಪಾಲನ್ನು ಬೇಸಿಗೆಯ ಗಾಳಿ, ಆ ಮರಳು ಬಂದ ದಿಕ್ಕಿಗೇ ಹಿಂದಕ್ಕೆ ಅಟ್ಟುತ್ತದೆ. ಆ ಮರಳು ದಂಡೆಯಾಚೆ ದಿಬ್ಬವಾಗಿ ನಿಲ್ಲುತ್ತದೆ. ಮುಂದೆ ಎಂದೋ ಒಂದು ಜಡಿಮಳೆಗೆ ದಿಬ್ಬದ ಬುಡ ಕೊರೆದು, ಅದೇ ಮರಳು ಮತ್ತೆ ಹಳ್ಳಕ್ಕೆ ಬೀಳುತ್ತದೆ. ತಲಕಾಡಿನಲ್ಲಿ ಮರಳು ಗುಡಿಗಳನ್ನು ಮುಚ್ಚಿದ್ದನ್ನು ನೀನು ಚಿಕ್ಕಂದಿನಲ್ಲೇ ನೋಡಿದ್ದೀಯೆ. ಶಾಪದ ಕಥೆಯನ್ನು ಪಕ್ಕಕ್ಕಿಟ್ಟರೆ, ಅಲ್ಲಿಯೂ ಕಾವೇರಿ ತಂದು ಹಾಕಿದ್ದನ್ನೇ ಗಾಳಿ ಎತ್ತಿ ಒಯ್ದದ್ದು.

ನೀರಿನ ವಿಷಯದಲ್ಲಿ ನಮ್ಮ ಕಡೆಯ ಹೊಳೆಗಳ ಅಭ್ಯಾಸವನ್ನು ಮರೆತುಬಿಡು. ನಮ್ಮ ಹೊಳೆ ಕೆಳಗೆ ಹೋದಂತೆ ತುಂಬುತ್ತದೆ. ಲೂಣಿಯ ಪ್ರವಾಹ ಕೆಳಗೆ ಹೋದಂತೆ ಬಡವಾಗುತ್ತದೆ. ಸೂಕ್ಡಿ, ಬಾಂಡಿ, ಜವಾಯಿ ಮೊದಲಾದ ಉಪನದಿಗಳೆಲ್ಲ ಅರಾವಳಿಯಿಂದ ಎಡಕ್ಕೇ ಬಂದು ಸೇರುತ್ತವೆ. ಬಲದಿಂದ ಹೆಸರಿಸಬಹುದಾದದ್ದು ಜೋಜ್ರಿ ಒಂದೇ. ಇವೆಲ್ಲ ಸೇರಿದರೂ, ಒಣಗಿದ ಪಾತ್ರ ನೀರನ್ನು ಹೀರುತ್ತ ಹೋಗುವುದರಿಂದ ಹರಿವಿನ ಬಲ ಕುಗ್ಗಿ, ಹೊತ್ತು ತಂದ ಗರಸು, ಮರಳುಗಳನ್ನು ದಾರಿಯಲ್ಲೇ ಇಳಿಸುತ್ತದೆ. ಆದರೆ ಹರಿಯುವ ಆ ಕೆಲವು ಗಂಟೆಗಳಲ್ಲಿ ಅದು ಹೊರುವ ಹೊರೆ ಸಾಮಾನ್ಯದ್ದಲ್ಲ. ಇಸ್ರೇಲಿನ ನೆಗೆವ್ ಮರುಭೂಮಿಯ ನಾಹಲ್ ಯಾತೀರ್ ಎಂಬ ಹಳ್ಳದಲ್ಲಿ ಮಾಡಿದ ಅಳತೆ 1993ರಲ್ಲಿ ಪ್ರಕಟವಾಯಿತು. ಸದಾ ಹರಿಯುವ ನದಿಗಳಿಗಿಂತ ಇಂಥ ಹಳ್ಳಗಳು ತಳದ ಗರಸನ್ನು ನೂರಾರು ಪಟ್ಟು ಸಲೀಸಾಗಿ ಸಾಗಿಸುತ್ತವೆ ಎಂದು ಅದರಿಂದ ತಿಳಿಯಿತು. ಸದಾ ಹರಿಯುವ ಹೊಳೆ ತಳದ ಸಣ್ಣ ಕಣಗಳನ್ನು ತೊಳೆದುಕೊಂಡು ಹೋಗಿ, ಮೇಲೆ ದಪ್ಪ ಕಲ್ಲುಗಳ ಹೊದಿಕೆಯನ್ನು ಉಳಿಸುತ್ತದೆ. ಮರುಭೂಮಿಯ ಹಳ್ಳಕ್ಕೆ ಆ ಹೊದಿಕೆ ಇರುವುದಿಲ್ಲ. 1979ರ ಜುಲೈನಲ್ಲಿ ಲೂಣಿಗೆ ಬಂದ ಮಹಾಪ್ರವಾಹವನ್ನು ಕಂಡ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಸಿಕ್ಕಾರು. ಸಿಕ್ಕರೆ, ನೀರು ಎಲ್ಲಿಯವರೆಗೆ ಬಂದಿತ್ತೆಂದಲ್ಲದೆ, ಇಳಿದ ಮೇಲೆ ಮರಳು ಎಲ್ಲಿ ಕೂತಿತೆಂದೂ ಕೇಳು.

ಗಾಳಿಯ ಲೆಕ್ಕವನ್ನು ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನೆಯ ಎಂಜಿನಿಯರ್ 1941ರ ತನ್ನ ಗ್ರಂಥದಲ್ಲಿ ಹಾಕಿಕೊಟ್ಟಿದ್ದಾನೆ. ಮರಳು ಚಲಿಸತೊಡಗುವ ಮಟ್ಟವನ್ನು ಚೆನ್ನಾಗಿ ದಾಟಿದ ಮೇಲೆ ಸಾಗುವ ಮರಳು ಗಾಳಿಯ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಇಮ್ಮಡಿಯಾದರೆ ಮರಳು ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಆದಕಾರಣ ವರ್ಷದ ಸರಾಸರಿ ವೇಗವನ್ನು ನೆಚ್ಚಿಕೊಳ್ಳಬೇಡ. ನಾಲ್ಕಾರು ಆಂಧಿಗಳ, ಎಂದರೆ ದೂಳಿನ ಬಿರುಗಾಳಿಗಳ, ದಿನಗಳನ್ನು ಬಿಡಿಯಾಗಿ ಅಳೆ. ಇಷ್ಟಾದರೂ ಗಾಳಿ ಎತ್ತಬಲ್ಲದ್ದು ಒಣಗಿದ, ಬಿಡಿಯಾದ ಮರಳನ್ನು ಮಾತ್ರ. ಪ್ರವಾಹ ಇಳಿದ ಪಾತ್ರದಲ್ಲಿ ಒಂದು ವಾರ ಕಳೆದ ಮೇಲೆ ನಡೆದು ನೋಡು: ಮೇಲೆ ಕೂತ ಜೇಡಿ ಒಣಗಿ ಬಿರುಕುಬಿಟ್ಟು, ಅಂಚು ಮೇಲಕ್ಕೆ ಸುರುಳಿಸುತ್ತ, ಹಪ್ಪಳದಂತೆ ಕಾಲಡಿಯಲ್ಲಿ ಮುರಿಯುತ್ತದೆ. ಆ ಹಪ್ಪಳ ಇಡಿಯಾಗಿರುವಷ್ಟು ದಿನ ಕೆಳಗಿನ ಮರಳು ಕದಲದು. ದನಕುರಿ ತುಳಿದು ಪುಡಿಯಾದರೆ ಜೇಡಿ ದೂಳಾಗಿ ಏಳುತ್ತದೆ, ಮರಳು ಕುಪ್ಪಳಿಸತೊಡಗುತ್ತದೆ.

ಈ ಹಪ್ಪಳದ ಚೂರೇ ಒಮ್ಮೆ ನನ್ನ ಮಾನ ಕಳೆಯಿತು. ದಂಡೆಯೊಂದರಲ್ಲಿ ಎರಡಾಳೆತ್ತರದ ಮರಳಿನ ಪದರ ಕಂಡು, ಭೂತಕನ್ನಡಿಯಲ್ಲಿ ಮಂಕು ಮೈಯ ಗುಂಡನೆಯ ಕಣಗಳನ್ನು ನೋಡಿ, ಇದು ಗಾಳಿ ಹೊಯ್ದದ್ದೇ ಎಂದು ಬರೆದು ಒಪ್ಪಿಸಿಬಿಟ್ಟಿದ್ದೆ. ಮರುವರ್ಷ ಅದೇ ದಂಡೆ ಕುಸಿದಾಗ, ಒಳಗೆ ಬೆರಳುಗುರಿನಷ್ಟಗಲದ ಜೇಡಿಯ ಚೂರುಗಳು ಸಾಲಾಗಿ ಮಲಗಿದ್ದವು. ಆ ಚೂರುಗಳೊಡನೆ ಮರಳನ್ನೂ ಅಲ್ಲಿ ಹರಡಿದ್ದು ನೀರು. ಕಣಗಳಿಗೆ ಗುಂಡನೆಯ ಮೈ ಕೊಟ್ಟದ್ದು ಅದಕ್ಕೂ ಹಿಂದಿನ ಗಾಳಿ. ಕಣದ ಮೈ ಅದರ ಹಳೆಯ ಚರಿತ್ರೆಯನ್ನು ಹೇಳುತ್ತದೆಯೇ ಹೊರತು, ಕೊನೆಯ ಬಾರಿ ಹೊತ್ತು ತಂದವರು ಯಾರೆಂದು ಹೇಳುವುದಿಲ್ಲ. ಅದಕ್ಕೆ ಪದರದ ಓರೆಯನ್ನೂ ಅದು ಕೆಳಗಿನದನ್ನು ಮುಟ್ಟುವ ಗೆರೆಯನ್ನೂ ನೋಡಬೇಕು. ಲ್ಯೂಮಿನೆಸೆನ್ಸ್ ಕಾಲನಿರ್ಣಯಕ್ಕೆ, ಎಂದರೆ ಕಣ ಕೊನೆಯ ಬಾರಿ ಬಿಸಿಲು ಕಂಡು ಎಷ್ಟು ಕಾಲವಾಯಿತೆಂದು ಅಳೆಯುವುದಕ್ಕೆ, ಮಾದರಿ ತೆಗೆಯುವಾಗಲೂ ಇದು ನೆನಪಿರಲಿ. ಗಾಳಿಯಲ್ಲಿ ಹಾರಿದ ಕಣ ಬಿಸಿಲುಂಡು ತನ್ನ ಹಳೆಯ ಲೆಕ್ಕವನ್ನು ಅಳಿಸಿಕೊಂಡಿರುತ್ತದೆ. ಕೆಸರು ನೀರಿನಲ್ಲಿ, ಅದೂ ರಾತ್ರಿ, ಉರುಳಿ ಬಂದ ಕಣಕ್ಕೆ ಆ ಅವಕಾಶ ಸಿಕ್ಕಿರುವುದಿಲ್ಲವಾದ್ದರಿಂದ ವಯಸ್ಸು ಇದ್ದದ್ದಕ್ಕಿಂತ ಹೆಚ್ಚಾಗಿ ಬರುತ್ತದೆ.

ಪಾತ್ರದೊಳಗೆ ನಮ್ಮ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿರುವ ಕಡೆ ಒಂದು ಅಡ್ಡಸೀಳಿಕೆಯನ್ನು ತಪ್ಪದೆ ಅಳೆ. ಅದರ ಬುಡದಲ್ಲಿ ಗಾಳಿಯ ಮರಳೂ ನೀರಿನ ಮರಳೂ ಒಂದರ ಮೇಲೊಂದು ಸಿಗುತ್ತವೆ. ಬಾಲೋತ್ರಾದಿಂದ ಕೆಳಗೆ ನೀರು ಉಪ್ಪು, ಕುಡಿಯುವುದಕ್ಕೆ ಮೇಲಿನಿಂದಲೇ ಒಯ್ಯಬೇಕು. ಜುಲೈ ಬಂದ ಮೇಲೆ, ತಲೆಯ ಮೇಲೆ ಮೋಡವಿಲ್ಲವೆಂದು ಪಾತ್ರದಲ್ಲಿ ಡೇರೆ ಹಾಕಬೇಡ. ಮಳೆ ಅರಾವಳಿಯಲ್ಲಿ ಬಿದ್ದರೂ ನೀರು ಬರುವುದು ನಿನ್ನ ಹಾಸಿಗೆಗೆ.

ಮೊದಲ ಗುಂಡಿಯನ್ನು ಮುಂಗಾರಿಗೆ ಮುಂಚೆ ತೋಡು, ಅದೇ ಜಾಗದಲ್ಲಿ ಎರಡನೆಯದನ್ನು ನೀರಿಳಿದ ಮೇಲೆ ತೋಡು. ಎರಡರ ಗೋಡೆಯನ್ನೂ ಅಳತೆಗೋಲಿಟ್ಟು, ಕೈಯಿಂದಲೇ ಚಿತ್ರ ಬರೆದು ನನಗೆ ಕಳುಹಿಸು. ಫೋಟೊ ಸಾಲದು.

ಇತಿ ನಿನ್ನ ಮಾವ